ಮನೆಗೆ ಎಂತಹ ಇಸ್ತ್ರಿ ಪೆಟ್ಟಿಗೆ ಕೊಳ್ಳಬೇಕು?



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೇವೆ. ಆದರೆ ಇಸ್ತ್ರಿ ಪೆಟ್ಟಿಗೆ ಕೊಳ್ಳಲು ಚಿತ್ರದುರ್ಗಕ್ಕೋ ಹಿರಿಯೂರಿಗೋ ಹೋದಾಗ ಅದರ ಹೊಳಪು ಮತ್ತು ಬೆಲೆ ಎರಡನ್ನೇ ನೋಡಿ ತಂದುಬಿಡುತ್ತೇವೆ. ಇದು ಸರಿಯಲ್ಲ. ಇಸ್ತ್ರಿ ಎಂದರೆ ಬೆಂಕಿಯನ್ನೋ ವಿದ್ಯುತ್ತನ್ನೋ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆಯ ಮೇಲೆ ಮಾಡುವ ಕೆಲಸ. ಕೆಟ್ಟ ಪೆಟ್ಟಿಗೆಯಿಂದ ಬಟ್ಟೆ ಸುಡುವುದು ಸಣ್ಣ ನಷ್ಟ. ಪ್ರಾಣಕ್ಕೇ ಅಪಾಯ ಬಂದರೆ ಅದನ್ನು ತುಂಬಿಕೊಡುವವರು ಯಾರು?

ಇಸ್ತ್ರಿಯಿಂದ ಆಗುವುದೇನು?

ಒಗೆದು ಒಣಗಿಸಿದ ಹತ್ತಿ ಬಟ್ಟೆಯ ಎಳೆಗಳು ಮುದುರಿದಂತೆಯೇ ಗಟ್ಟಿಯಾಗುತ್ತವೆ. ತೇವವೂ ಕಾವೂ ತಗಲಿದಾಗ ಆ ಎಳೆಗಳು ಸಡಿಲವಾಗುತ್ತವೆ. ಮೇಲಿನಿಂದ ಒತ್ತಿದರೆ ನೆಟ್ಟಗಾಗಿ, ತಣ್ಣಗಾದ ಮೇಲೆ ಹಾಗೆಯೇ ನಿಲ್ಲುತ್ತವೆ. ಕಾವು, ತೇವ, ಒತ್ತಡ ಈ ಮೂರೂ ಹದವಾಗಿ ಸೇರಬೇಕು. ಪಂಚೆಗೆ ನೀರು ಚಿಮುಕಿಸಿ, ಸುತ್ತಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಇಸ್ತ್ರಿ ಮಾಡುವುದು ಇದಕ್ಕಾಗಿಯೇ. ಟೆರಿಲಿನ್, ನೈಲಾನ್ ಬಟ್ಟೆಗಳ ಸ್ವಭಾವ ಬೇರೆ. ಅವು ಅಲ್ಪ ಕಾವಿಗೇ ಮೆತ್ತಗಾಗಿ, ಕಾವು ಹೆಚ್ಚಾದರೆ ಕರಗಿಹೋಗುತ್ತವೆ.

ಇದ್ದಿಲ ಪೆಟ್ಟಿಗೆ

ವಿದ್ಯುತ್ತಿನ ಹಂಗಿಲ್ಲದ ಪೆಟ್ಟಿಗೆ ಇದು. ಭಾರವಾಗಿರುವುದರಿಂದ ದಪ್ಪ ಹತ್ತಿ ಬಟ್ಟೆಗೆ ಒಳ್ಳೆಯ ಒತ್ತಡ ಕೊಡುತ್ತದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ. ಚಿಪ್ಪಿನ ಇದ್ದಿಲು ಗಟ್ಟಿಯಾಗಿದ್ದು, ಹೆಚ್ಚು ಹೊತ್ತು ಉರಿಯುತ್ತದೆ, ಬೂದಿಯೂ ಕಡಿಮೆ. ಬಳ್ಳಾರಿ ಜಾಲಿಯ ಇದ್ದಿಲೂ ಆಗಬಹುದು.

ಕೊಳ್ಳುವಾಗ ಹೀಗೆ ಪರೀಕ್ಷಿಸಿರಿ: ಪೆಟ್ಟಿಗೆಯನ್ನು ಅಂಗಡಿಯ ಗಾಜಿನ ಹಲಗೆಯ ಮೇಲಿಟ್ಟು ಮೂಲೆಗಳನ್ನು ಒತ್ತಿ ನೋಡಿ, ಅದು ಅಲುಗಿದರೆ ತಳ ಸಮವಾಗಿಲ್ಲ. ಮುಚ್ಚಳ ಬಿಗಿಯಾಗಿ ಕೂತು, ಚಿಲಕ ಭದ್ರವಾಗಿರಬೇಕು. ಸಡಿಲವಾಗಿದ್ದರೆ ಕಿಡಿ ಹಾರಿ ಬಟ್ಟೆ ತೂತಾಗುತ್ತದೆ. ಮರದ ಹಿಡಿ ಬಿರುಕು ಬಿಟ್ಟಿರಬಾರದು.

ಒಂದು ಎಚ್ಚರಿಕೆ ಅತಿ ಮುಖ್ಯ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಸಾವು. ಮಳೆಗಾಲವೆಂದು ಬಾಗಿಲು ಕಿಟಕಿ ಮುಚ್ಚಿಕೊಂಡು ಇದ್ದಿಲ ಪೆಟ್ಟಿಗೆಯನ್ನು ಎಂದಿಗೂ ಬಳಸಕೂಡದು. ಜಗಲಿಯೇ ಅದಕ್ಕೆ ತಕ್ಕ ಜಾಗ.

ವಿದ್ಯುತ್ ಪೆಟ್ಟಿಗೆ

ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ಅಮೆರಿಕದಲ್ಲಿ ಮೊದಲು ಪೇಟೆಂಟ್ ದೊರೆತದ್ದು ೧೮೮೨ರಲ್ಲಿ. ಕಾವು ಹೆಚ್ಚಾದಾಗ ತಾನೇ ವಿದ್ಯುತ್ತನ್ನು ತಡೆದು, ಕಡಿಮೆಯಾದಾಗ ಮತ್ತೆ ಬಿಡುವ ಥರ್ಮೋಸ್ಟಾಟ್ ಎಂಬ ಭಾಗ ಇಂದಿನ ಪೆಟ್ಟಿಗೆಗಳಲ್ಲಿರುತ್ತದೆ. ಇದಿಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡ. ಗುಂಡಿಯ ಮೇಲಿನ ಅಥವಾ ಉಡುಪಿನ ಪಟ್ಟಿಯ ಮೇಲಿನ ಚುಕ್ಕೆಗಳನ್ನು ಓದಲು ಕಲಿಯಿರಿ. ಒಂದು ಚುಕ್ಕೆ ಎಂದರೆ ತಳದ ಕಾವು ಕಡಿಮೆ ಇರಬೇಕು; ಇದು ನೈಲಾನಿಗೆ. ಎರಡು ಚುಕ್ಕೆ ಮಧ್ಯಮ ಕಾವು, ರೇಷ್ಮೆ, ಉಣ್ಣೆಗೆ. ಮೂರು ಚುಕ್ಕೆ ಹೆಚ್ಚು ಕಾವು, ಹತ್ತಿಗೆ. ಮೊಳಕಾಲ್ಮೂರು ಸೀರೆಯನ್ನು ಒಳಮಗ್ಗುಲಿನಿಂದ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡುವುದು ಕ್ಷೇಮ.

ಸಾಮಾನ್ಯ ಮನೆಗೆ ೭೫೦ ರಿಂದ ೧೦೦೦ ವಾಟ್‌ನ ಒಣ ಪೆಟ್ಟಿಗೆ ಸಾಕು. ೧೦೦೦ ವಾಟ್‌ನ ಪೆಟ್ಟಿಗೆ ಎಡೆಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್ ಖರ್ಚು. ಥರ್ಮೋಸ್ಟಾಟ್ ಆಗಾಗ ತಡೆಯುವುದರಿಂದ ನಿಜವಾದ ಖರ್ಚು ಅದಕ್ಕಿಂತ ಕಡಿಮೆ. ವಾರದ ಬಟ್ಟೆಯನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ನಯವಾದ ಬಟ್ಟೆ ಮೊದಲು, ಹತ್ತಿ ಆಮೇಲೆ ಮಾಡಿದರೆ ಇನ್ನೂ ಉಳಿತಾಯ.

ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದು ನಿಮಗೆ ಗೊತ್ತೇ ಇದೆ. ೨೩೦ ವೋಲ್ಟಿನಲ್ಲಿ ೧೦೦೦ ವಾಟ್ ಕೊಡುವ ಪೆಟ್ಟಿಗೆ ೧೮೦ ವೋಲ್ಟಿನಲ್ಲಿ ಸುಮಾರು ೬೧೦ ವಾಟ್ ಮಾತ್ರ ಕೊಡುತ್ತದೆ. ಪೆಟ್ಟಿಗೆ ಕೆಟ್ಟಿತೆಂದು ಹೆದರಬೇಡಿ. ಅದು ಕಾಯುವುದು ನಿಧಾನ, ಅಷ್ಟೆ. ವೋಲ್ಟೇಜ್ ತೀರ ಇಳಿಯುವ ಊರಿನವರು ೧೦೦೦ ವಾಟ್‌ನದನ್ನೇ ಕೊಳ್ಳುವುದು ಮೇಲು. ದೀಪ, ಫ್ಯಾನುಗಳಿಗೆಂದು ಇಟ್ಟ ಸಣ್ಣ ಯು.ಪಿ.ಎಸ್.ಗೆ ಇಸ್ತ್ರಿ ಪೆಟ್ಟಿಗೆ ಜೋಡಿಸಬೇಡಿ. ಅದು ಆ ಭಾರ ತಾಳದು.

ಆವಿ ಪೆಟ್ಟಿಗೆ ಬೇಕೆ?

ಆವಿ ಬಿಡುವ ಪೆಟ್ಟಿಗೆ ದಪ್ಪ ಹತ್ತಿಯ ಸುಕ್ಕನ್ನು ಬೇಗ ಬಿಡಿಸುತ್ತದೆ. ಆದರೆ ನಮ್ಮ ಅನೇಕ ಊರುಗಳ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿಯ ಹೆಕ್ಕಳೆ ಕಟ್ಟುವುದನ್ನು ನೋಡಿಲ್ಲವೇ? ಅದೇ ಹೆಕ್ಕಳೆ ಪೆಟ್ಟಿಗೆಯ ರಂಧ್ರಗಳಲ್ಲೂ ಕಟ್ಟಿ, ಉದುರಿ, ಬಟ್ಟೆಗೆ ಕಲೆ ಮಾಡುತ್ತದೆ. ಇಂತಹ ಪೆಟ್ಟಿಗೆ ಇದ್ದವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಹಾಕಿ, ಕೆಲಸ ಮುಗಿದೊಡನೆ ಉಳಿದ ನೀರನ್ನು ಚೆಲ್ಲಬೇಕು. ೨೦೦೦ ವಾಟ್‌ನ ಪೆಟ್ಟಿಗೆ ೮ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ೬ ಆಂಪಿಯರ್ ಸಾಕೆಟ್ಟಿಗೆ ಅದನ್ನು ಹಾಕಿದರೆ ಸಾಕೆಟ್ಟು ಕಾದು ಸುಡಬಹುದು. ಅದಕ್ಕೆ ೧೬ ಆಂಪಿಯರಿನ ಸಾಕೆಟ್ಟೇ ಬೇಕು.

ಅಂಗಡಿಯಲ್ಲಿ ನೋಡಬೇಕಾದವು

೧. ಐ.ಎಸ್.ಐ. ಗುರುತು. ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ಇದು ಕಾನೂನಿನಂತೆ ಕಡ್ಡಾಯ. ಗುರುತಿನೊಡನೆ ಪರವಾನಗಿ ಸಂಖ್ಯೆಯೂ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ನಿಜವೋ ಸುಳ್ಳೋ ತಿಳಿಯಬಹುದು.

೨. ಮೂರು ಪಿನ್ನಿನ ಪ್ಲಗ್ಗು. ಲೋಹದ ಪೆಟ್ಟಿಗೆಗೆ ಎರಡು ಪಿನ್ನಿನ ಪ್ಲಗ್ಗು ಇದ್ದರೆ ಬೇಡವೆನ್ನಿ.

೩. ವೈರು ನೂಲು ಹೊದಿಸಿದ್ದಾಗಿದ್ದು, ಪೆಟ್ಟಿಗೆಗೆ ಸೇರುವ ಕಡೆ ಬಾಗಿದರೂ ಮುರಿಯದಂತೆ ಕಾಪು ಇರಬೇಕು.

೪. ಹಿಡಿ ಕೈಗೆ ಒಗ್ಗಬೇಕು. ಮನೆಯಲ್ಲಿ ಇಸ್ತ್ರಿ ಮಾಡುವವರೇ ಎತ್ತಿ ನೋಡಲಿ.

೫. ಬಿಲ್ಲು, ಗ್ಯಾರಂಟಿ ಚೀಟಿ ಕೇಳಿ ಪಡೆಯಿರಿ. ಎಲಿಮೆಂಟು, ವೈರು ಹತ್ತಿರದ ಪೇಟೆಯಲ್ಲೇ ಸಿಗುತ್ತವೆಯೇ ಎಂದು ವಿಚಾರಿಸಿರಿ.

ಮನೆಯ ಕಡೆಯ ಸಿದ್ಧತೆ

ಪೆಟ್ಟಿಗೆ ಎಷ್ಟೇ ಉತ್ತಮವಾದರೂ ಮನೆಗೆ ಅರ್ಥಿಂಗ್ ಇಲ್ಲದಿದ್ದರೆ ಮೂರನೆಯ ಪಿನ್ನು ವ್ಯರ್ಥ. ಒಳಗಿನ ವೈರು ಕಳಚಿ ತಳಕ್ಕೆ ತಗಲಿದಾಗ, ಆ ವಿದ್ಯುತ್ತು ಅರ್ಥಿಂಗ್ ಮೂಲಕ ನೆಲಕ್ಕೆ ಹರಿದು ಫ್ಯೂಸ್ ಹೋಗಬೇಕು. ಅರ್ಥಿಂಗ್ ಇಲ್ಲವಾದರೆ ಅದು ಹಿಡಿದವರ ಮೈಯಲ್ಲಿಯೇ ಹರಿಯುತ್ತದೆ. ಅನುಭವವುಳ್ಳ ಎಲೆಕ್ಟ್ರೀಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ೩೦ ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಹಾಕಿಸಿ. ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಸ್ತ್ರಿ ಮಾಡಬೇಡಿ. ಬಟ್ಟೆಗೆ ನೀರು ಚಿಮುಕಿಸುವಾಗ ಪೆಟ್ಟಿಗೆ ದೂರವಿರಲಿ. ಕರೆಂಟು ಹೋದಾಗ ಪ್ಲಗ್ಗನ್ನು ಕಿತ್ತಿಡಿ; ಇಲ್ಲವಾದರೆ ನೀವು ಹೊಲದಲ್ಲಿರುವಾಗ ಕರೆಂಟು ಬಂದು, ಮನೆಯಲ್ಲಿ ಬೆಂಕಿ ಹತ್ತೀತು.

ಕಡಿಮೆ ಬೆಲೆಯ ನಕಲಿ ಪೆಟ್ಟಿಗೆಯಿಂದ ಉಳಿಯುವುದು ಕೆಲವು ನೂರು ರೂಪಾಯಿ. ಶಾಲೆಗೆ ಹೊರಟ ಮಗು ತನ್ನ ಸಮವಸ್ತ್ರಕ್ಕೆ ತಾನೇ ಇಸ್ತ್ರಿ ಮಾಡಿಕೊಳ್ಳಲು ಅದನ್ನೇ ಮುಟ್ಟುತ್ತದೆ ಎಂಬುದು ಕೊಳ್ಳುವಾಗ ನೆನಪಿರಲಿ.

ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

೧. ನಿಮ್ಮ ಮನೆಯ ಪೆಟ್ಟಿಗೆಗೆ ಎಷ್ಟು ಪಿನ್ನಿನ ಪ್ಲಗ್ಗು ಇದೆ? ಮನೆಗೆ ಅರ್ಥಿಂಗ್ ಇದೆಯೇ?

೨. ಇದ್ದಿಲ ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಲ್ಲಿ ಏಕೆ ಬಳಸಬಾರದು?

೩. ನಿಮ್ಮ ಊರಿನ ನೀರು ಆವಿ ಪೆಟ್ಟಿಗೆಗೆ ಒಗ್ಗುವುದೇ?