ಜೀವಕೋಶದೊಳಗಣ ಕೊಂಡಿಗಳು



ಕಳೆದ ಮಳೆಗಾಲದಲ್ಲಿ ನಮ್ಮ ಎಂಟನೆಯ ಇಯತ್ತೆಯ ಹುಡುಗನೊಬ್ಬನು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಕಾರಣವನ್ನು ಕೇಳಲಾಗಿ, “ಅವ್ವನ್ನ ಕರಕೊಂಡು ದವಾಖಾನಿಗೆ ಹೋಗಿದ್ದೆ ಸರ್. ಆಕಿಗೆ ಮರಾಠಿ ಬರೂದಿಲ್ಲ, ಡಾಕ್ಟರಿಗೆ ಕನ್ನಡ ಬರೂದಿಲ್ಲ” ಎಂದು ಉತ್ತರವಿತ್ತನು.

ಅದೇ ವಾರ ಒಂಬತ್ತನೆಯ ಇಯತ್ತೆಯಲ್ಲಿ ಜೀವಕೋಶದ ಪಾಠ ನಡೆದಿತ್ತು. ಗಾಯವಾದಲ್ಲಿ ಕೋಶಗಳು ಒಡೆದು ಎರಡಾಗಿ, ಹೊಸ ಚರ್ಮ ಬೆಳೆದು ಗಾಯವು ಮಾಯುತ್ತದೆ ಎಂದು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹೊರಗ ಗಾಯ ಆಗಿದ್ದು ಕೋಶದ ಒಳಗ ಹ್ಯಾಂಗ ತಿಳೀತದ ಸರ್?” ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿ ಈ ನಗರಕ್ಕೆ ಬಂದ ನಾವು ಅದನ್ನು ಓದಿದವರಲ್ಲ. ಹಿಂದಿನ ಬೆಂಚಿನಿಂದ ಮತ್ತೊಬ್ಬನು, “ಅದೆಲ್ಲಾ ಇಂಗ್ಲಿಷ್ ಶಾಲ್ಯಾಗ ಹೇಳ್ತಾರ” ಎಂದು ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅಂದು ಕೊಡಲಾರದೆ ಹೋದ ಉತ್ತರವನ್ನು ಓದಿ ತಿಳಿದುಕೊಂಡು ಈಗ ಕೊಡುತ್ತಿದ್ದೇವೆ. ವಿಚಿತ್ರವೆಂದರೆ, ಆ ಉತ್ತರದ ಸುಳಿವು ದವಾಖಾನೆಗೆ ಹೋಗಿದ್ದ ಹುಡುಗನ ಮಾತಿನಲ್ಲಿಯೇ ಇದ್ದಿತು.

1. ಅಡಾಪ್ಟರ್ ಎಂದರೇನು?

ನಮ್ಮ ಶರೀರದ ಕೆಲಸಗಳಲ್ಲಿ ಬಹುಪಾಲು ಪ್ರೋಟೀನುಗಳಿಂದ ನಡೆಯುತ್ತವೆ. ಇವುಗಳಲ್ಲಿ ಕಿಣ್ವಗಳೆಂಬ ಒಂದು ವರ್ಗವಿದೆ. ಅವು ಒಂದು ವಸ್ತುವನ್ನು ಒಡೆಯುತ್ತವೆ, ಇನ್ನೊಂದನ್ನು ಕೂಡಿಸುತ್ತವೆ, ರಾಸಾಯನಿಕ ಕ್ರಿಯೆಗಳ ವೇಗವನ್ನು ಹೆಚ್ಚಿಸುತ್ತವೆ. ಆದರೆ ಇಂಥ ಯಾವ ಕ್ರಿಯೆಯನ್ನೂ ತಾವಾಗಿ ಮಾಡದ ಪ್ರೋಟೀನುಗಳೂ ಇವೆ. ಅವುಗಳಿಗೆ ಎರಡು ಅಥವಾ ಹೆಚ್ಚು ಕೈಗಳಿರುತ್ತವೆ ಎನ್ನಬಹುದು. ಒಂದು ಕೈಯಿಂದ ಒಂದು ಪ್ರೋಟೀನನ್ನೂ ಇನ್ನೊಂದು ಕೈಯಿಂದ ಮತ್ತೊಂದನ್ನೂ ಹಿಡಿದು ಎರಡನ್ನೂ ಹತ್ತಿರಕ್ಕೆ ತರುವುದಷ್ಟೇ ಅವುಗಳ ಕೆಲಸ. ಇವುಗಳಿಗೆ ಅಡಾಪ್ಟರ್ ಪ್ರೋಟೀನುಗಳೆಂದು ಹೆಸರು.

ಈ ಶಬ್ದವು ನಿಮಗೆ ಹೊಸದಲ್ಲ. ಮನೆಯಲ್ಲಿ ಪ್ಲಗ್ಗಿನ ಪಿನ್ನುಗಳು ಗೋಡೆಯ ಸಾಕೆಟ್ಟಿಗೆ ಹೊಂದದಿದ್ದಾಗ ನಡುವೆ ಒಂದು ಅಡಾಪ್ಟರನ್ನು ಸಿಕ್ಕಿಸುತ್ತೇವೆ. ಅದು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ದೀಪವನ್ನು ತಾನೇ ಉರಿಸುವುದಿಲ್ಲ. ಆದರೆ ಅದನ್ನು ಕಿತ್ತರೆ ದೀಪ ಆರುತ್ತದೆ. ಈ ಲೇಖನದಲ್ಲಿ ಅದನ್ನು ಕನ್ನಡದಲ್ಲಿ ‘ಕೊಂಡಿ’ ಎಂದು ಕರೆಯೋಣ.

ಇಂಥ ಕೊಂಡಿಗಳು ಅನೇಕವಿವೆ. ಅವುಗಳಲ್ಲಿ ಎರಡನ್ನು ಇಲ್ಲಿ ವಿಚಾರ ಮಾಡೋಣ. ಒಂದು ಕೋಶದ ವಿಭಜನೆಗೆ ಸಂಬಂಧಿಸಿದ್ದು. ಇನ್ನೊಂದು ವೈರಸ್ಸಿನಿಂದ ಕೋಶವನ್ನು ರಕ್ಷಿಸುವುದಕ್ಕೆ ಸಂಬಂಧಿಸಿದ್ದು.

2. ಗಾಯದ ಸುದ್ದಿ ಒಳಗೆ ಹೋಗುವ ಬಗೆ

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇವರು ಇಲಿಯ ಲಾಲಾಗ್ರಂಥಿಯಿಂದ ಒಂದು ಚಿಕ್ಕ ಪ್ರೋಟೀನನ್ನು ಬೇರ್ಪಡಿಸಿದರು. ಅದನ್ನು ಆಗ ತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ನಿಯಮಿತ ಕಾಲಕ್ಕಿಂತ ಮೊದಲೇ ಕಣ್ಣು ತೆರೆದವು. ಚರ್ಮದ ಕೋಶಗಳ ಬೆಳವಣಿಗೆ ತ್ವರಿತವಾದುದೇ ಅದಕ್ಕೆ ಕಾರಣ. ಈ ಸಂಗತಿಯನ್ನು ಅವರು 1962ರಲ್ಲಿ ಪ್ರಕಟಿಸಿದರು. ಅದನ್ನು ‘ಚರ್ಮವರ್ಧಕ’ವೆಂದು ಕರೆಯೋಣ. ಇಂಥ ವರ್ಧಕಗಳ ಶೋಧಕ್ಕಾಗಿ ಕೋಹೆನ್ ಹಾಗೂ ರೀಟಾ ಲೆವಿ-ಮೊಂಟಾಲ್ಚಿನಿ ಇವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗಾಯವಾದ ಸ್ಥಳದಲ್ಲಿ ಇಂಥ ವರ್ಧಕಗಳು ಬಿಡುಗಡೆಯಾಗುತ್ತವೆ. ಆದರೆ ಅವು ಕೋಶದ ಪೊರೆಯ ಹೊರಗೇ ನಿಲ್ಲಬೇಕು. ಪೊರೆಯಲ್ಲಿ ‘ಗ್ರಾಹಕ’ವೆಂಬ ಪ್ರೋಟೀನು ಇರುತ್ತದೆ. ಅದರ ತಲೆ ಹೊರಗೆ, ಬಾಲ ಒಳಗೆ. ವರ್ಧಕವು ತಲೆಗೆ ಅಂಟಿಕೊಂಡೊಡನೆ ಎರಡು ಗ್ರಾಹಕಗಳು ಜೋಡಿಯಾಗುತ್ತವೆ. ಒಂದು ಇನ್ನೊಂದರ ಬಾಲದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟಿನ ಮುದ್ರೆಯನ್ನು ಒತ್ತುತ್ತದೆ. ಹೊರಗಿನ ಸುದ್ದಿಯು ಒಳಗೆ ಒಂದು ಗುರುತಾಗಿ ಮೂಡಿತು. ಇನ್ನು ಅದನ್ನು ಓದುವವರು ಬೇಕು.

ಓದುವ ಕೊಂಡಿಯ ಹೆಸರು ಗ್ರಬ್-2. ಇದರಲ್ಲಿರುವ ಅಮೈನೋ ಆಮ್ಲಗಳು 217 ಮಾತ್ರ. ಇದಕ್ಕೆ ಮೂರು ಕೈಗಳು. ನಡುವಣ ಕೈಯು ಮುದ್ರೆ ಬಿದ್ದ ಟೈರೋಸಿನ್ನನ್ನು ಹಿಡಿಯುತ್ತದೆ, ಮುದ್ರೆಯಿಲ್ಲದಿದ್ದರೆ ಹಿಡಿಯುವುದಿಲ್ಲ. ಎರಡು ಬದಿಯ ಕೈಗಳು ‘ಸಾಸ್’ ಎಂಬ ಪ್ರೋಟೀನನ್ನು ಹಿಡಿದಿರುತ್ತವೆ. ಈ ಸಾಸ್ ಮೊದಲಿನಿಂದಲೂ ಕೋಶದಲ್ಲಿಯೇ ಇದ್ದಿತು. ಅದು ಯಾರನ್ನು ಎಚ್ಚರಿಸಬೇಕೋ ಆ ‘ರಾಸ್’ ಎಂಬ ಪ್ರೋಟೀನು ಪೊರೆಯ ಒಳಮೈಗೆ ಅಂಟಿಕೊಂಡು ಸುಮ್ಮನಿದ್ದಿತು. ಇಬ್ಬರೂ ಇದ್ದರು, ಆದರೆ ಬೇರೆ ಬೇರೆ ಎಡೆಯಲ್ಲಿ. ಗ್ರಬ್-2 ಸಾಸನ್ನು ಪೊರೆಯ ಬಳಿಗೆ ಕರೆತರುತ್ತದೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಅವರವರದೇ. ಸಾಸ್‌ನಿಂದ ರಾಸ್ ಎಚ್ಚರಗೊಳ್ಳುತ್ತದೆ. ರಾಸ್‌ನಿಂದ ಒಂದರ ಹಿಂದೊಂದು ಮೂರು ಕಿಣ್ವಗಳು ಚಾಲನೆಗೊಳ್ಳುತ್ತವೆ. ಕೊನೆಯದು ಕೋಶಕೇಂದ್ರವನ್ನು ಹೊಕ್ಕು ವಿಭಜನೆಗೆ ಬೇಕಾದ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಕೋಶವು ಒಡೆದು ಎರಡಾಗುವ ಸಿದ್ಧತೆಯನ್ನು ಆರಂಭಿಸುತ್ತದೆ.

ಮನುಷ್ಯನ ಗ್ರಬ್-2 ಗೊತ್ತಾದುದು 1992ರಲ್ಲಿ. ಅದೇ ವರ್ಷ, ಮಣ್ಣಿನಲ್ಲಿರುವ ಒಂದು ಮಿಲಿಮೀಟರಿನ ಹುಳುವಿನಲ್ಲಿ ಇದರ ಸೋದರನಂಥ ಪ್ರೋಟೀನು ಸಿಕ್ಕಿತು. ಮರುವರ್ಷ ಹಣ್ಣಿನ ನೊಣದಲ್ಲಿಯೂ ಸಿಕ್ಕಿತು. ಹುಳುವಿನಲ್ಲಿ ಆ ಜೀನು ಕೆಟ್ಟಾಗ ಮನುಷ್ಯನ ಜೀನನ್ನು ಅದಕ್ಕೆ ಕೊಟ್ಟು ನೋಡಿದರು. ಹುಳುವಿನ ಕೆಲಸ ನಡೆಯಿತು! ಹುಳುವೂ ನಾವೂ ಒಂದೇ ಕೊಂಡಿಯನ್ನು ಕೋಟ್ಯಂತರ ವರ್ಷಗಳಿಂದ ಕಾಯ್ದುಕೊಂಡು ಬಂದಿದ್ದೇವೆ. ಅದಿಲ್ಲದೆ ಜೀವನವೇ ಸಾಗದು: ಗ್ರಬ್-2 ಇಲ್ಲದಂತೆ ಮಾಡಿದ ಇಲಿಯ ಭ್ರೂಣಗಳು ಗರ್ಭದಲ್ಲಿ ಮೊದಲ ದಿನಗಳಲ್ಲಿಯೇ ಅಳಿದುಹೋಗುತ್ತವೆ.

3. ಕೊಂಡಿಯು ಕಳಚದಿದ್ದರೆ

ಗಾಯ ಮಾಯ್ದ ಮೇಲೆ ವಿಭಜನೆ ನಿಲ್ಲಬೇಕು. ಇದಕ್ಕಾಗಿ ಫಾಸ್ಫೇಟಿನ ಮುದ್ರೆಯನ್ನು ಅಳಿಸುವ ಕಿಣ್ವಗಳಿವೆ. ಮುದ್ರೆ ಅಳಿಯಿತೆಂದರೆ ಗ್ರಬ್-2 ಕೈಬಿಡುತ್ತದೆ. ಅಳಿಯದೆ ಉಳಿದರೆ ಏನಾಗುವುದು?

ರಕ್ತದ ಒಂದು ಬಗೆಯ ಅರ್ಬುದರೋಗದಲ್ಲಿ ಇದನ್ನು ಕಾಣಬಹುದು. ಅದರಲ್ಲಿ 9ನೆಯ ಹಾಗೂ 22ನೆಯ ಕ್ರೋಮೊಸೋಮುಗಳ ತುಂಡುಗಳು ಅದಲುಬದಲಾಗಿ, ಮೊದಲಿರದ ಒಂದು ವಿಕೃತ ಪ್ರೋಟೀನು ಹುಟ್ಟುತ್ತದೆ. ಅದು ಹೊರಗಿನ ಯಾವ ಸುದ್ದಿಗೂ ಕಾಯದೆ ತನ್ನ ಮೇಲೆ ತಾನೇ ಮುದ್ರೆ ಒತ್ತಿಕೊಳ್ಳುತ್ತದೆ. ಗ್ರಬ್-2 ಅಲ್ಲಿಗೂ ಹೋಗಿ ಅಂಟಿಕೊಳ್ಳುತ್ತದೆ. ಇಲ್ಲದ ಗಾಯದ ಸುದ್ದಿಯನ್ನು ಎಡೆಬಿಡದೆ ಒಳಗೆ ಮುಟ್ಟಿಸುತ್ತದೆ. ಬಿಳಿಯ ರಕ್ತಕೋಶಗಳು ಮಿತಿಮೀರಿ ಹೆಚ್ಚುತ್ತವೆ. ಇಲ್ಲಿ ಕೊಂಡಿಯ ದೋಷವೇನೂ ಇಲ್ಲ. ಮುದ್ರೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ವಿವೇಕ ಅದಕ್ಕಿಲ್ಲ, ಅಷ್ಟೆ.

ಆ ವಿಕೃತ ಪ್ರೋಟೀನು ಮುದ್ರೆ ಒತ್ತದಂತೆ ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಪ್ರಾಣಾಂತಿಕವಾಗಿದ್ದ ಆ ರೋಗವುಳ್ಳವರಲ್ಲಿ ಅನೇಕರು ದಿನವೂ ಗುಳಿಗೆಯನ್ನು ನುಂಗುತ್ತ ಬಹುಕಾಲ ಬಾಳುವಂತಾಯಿತು.

4. ವೈರಸ್ಸು ಒಳಹೊಕ್ಕಾಗ

ಇನ್ನು ಎರಡನೆಯ ಕೊಂಡಿ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಹಾಗೂ ಜೀನ್ ಲಿಂಡೆನ್‌ಮನ್ ಇವರು ಕೋಳಿಮೊಟ್ಟೆಯೊಳಗಿನ ಪೊರೆಗಳ ಜೊತೆ, ಕಾಯಿಸಿ ನಿರ್ಜೀವಗೊಳಿಸಿದ ಫ್ಲೂ ವೈರಸ್ಸನ್ನು ಇಟ್ಟರು. ಬಳಿಕ ಆ ದ್ರವವನ್ನು ಹೊಸ ಪೊರೆಗಳಿಗೆ ಹಾಕಿದಾಗ ಅವುಗಳಲ್ಲಿ ಸಜೀವ ವೈರಸ್ಸು ಬೆಳೆಯಲಾರದೆ ಹೋಯಿತು. ಪೀಡಿತ ಕೋಶಗಳು ನೆರೆಯ ಕೋಶಗಳನ್ನು ಎಚ್ಚರಿಸಲು ಒಂದು ವಸ್ತುವನ್ನು ಸ್ರವಿಸುತ್ತವೆ ಎಂದು ಇದರಿಂದ ತಿಳಿಯಿತು. ಅದಕ್ಕೆ ಅವರು ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಆದರೆ ವೈರಸ್ಸು ಬಂದುದು ಕೋಶಕ್ಕೆ ಗೊತ್ತಾಗುವುದೆಂತು? ಫ್ಲೂ, ಹೆಪಟೈಟಿಸ್ ಸಿ ಮೊದಲಾದ ವೈರಸ್ಸುಗಳ ಆರ್‌ಎನ್‌ಎ ಎಳೆಯ ತುದಿಯು ನಮ್ಮ ಸ್ವಂತ ಎಳೆಗಳ ತುದಿಯಂತಿರುವುದಿಲ್ಲ. ಈ ಭೇದವನ್ನು ಗುರುತಿಸುವ ಕಾವಲುಗಾರನ ಹೆಸರು ರಿಗ್-ಐ. ಇದರ ಕಾರ್ಯವನ್ನು 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಪರಕೀಯ ಎಳೆ ಕೈಗೆ ಸಿಕ್ಕೊಡನೆ ರಿಗ್-ಐ ತನ್ನ ಆಕಾರವನ್ನು ಬದಲಿಸುತ್ತದೆ. ಆದರೆ ಇಂಟರ್‌ಫೆರಾನನ್ನು ತಾನೇ ಮಾಡಿಸಲು ಅದಕ್ಕೆ ಬಾರದು. ನಡುವೆ ಕೊಂಡಿ ಬೇಕು.

ಆ ಕೊಂಡಿಯನ್ನು 2005ರಲ್ಲಿ ನಾಲ್ಕು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದು ನಾಲ್ಕು ಹೆಸರುಗಳನ್ನಿಟ್ಟವು. ಅಮೆರಿಕದ ಡಲ್ಲಾಸಿನಲ್ಲಿ ಝಿಜಿಯನ್ ಚೆನ್ ಇವರ ತಂಡವಿಟ್ಟ ‘ಮಾವ್ಸ್’ ಎಂಬ ಹೆಸರು ಬಳಕೆಯಲ್ಲಿ ನಿಂತಿತು. ಇದು ವಾಸಿಸುವ ಸ್ಥಳವು ಆಶ್ಚರ್ಯಕರವಾದುದು. ಕೋಶದ ಶಕ್ತಿಕೇಂದ್ರವೆಂದು ನೀವು ಓದಿರುವ ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ಇದು ಬಾಲದಿಂದ ನಾಟಿಕೊಂಡಿರುತ್ತದೆ. ರಿಗ್-ಐ ಬಂದು ಇದರ ಕೈಯನ್ನು ಹಿಡಿದರೆ ಮಾವ್ಸ್‌ಗಳು ಒಂದನ್ನೊಂದು ಹಿಡಿದು ಉದ್ದನೆಯ ಸಾಲಾಗುತ್ತವೆ. ಆಗ ಇವುಗಳ ಮೇಲೂ ಫಾಸ್ಫೇಟಿನ ಮುದ್ರೆ ಬೀಳುತ್ತದೆ. ಆ ಮುದ್ರೆಯನ್ನು ಗುರುತಿಸಿ ಇನ್ನೊಂದು ಪ್ರೋಟೀನು ಬಂದು ನಿಲ್ಲುತ್ತದೆ. ತಾನೂ ಮುದ್ರೆ ಹಾಕಿಸಿಕೊಂಡು ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಫೆರಾನಿನ ಜೀನನ್ನು ಎಚ್ಚರಿಸುತ್ತದೆ. ಗಾಯದ ಸುದ್ದಿಗೂ ವೈರಸ್ಸಿನ ಸುದ್ದಿಗೂ ದಾರಿ ಬೇರೆಯಾದರೂ ಕ್ರಮವು ಒಂದೇ ಎಂಬುದನ್ನು ಗಮನಿಸಿರಿ: ಮೊದಲು ಗುರುತು, ಆಮೇಲೆ ಕೊಂಡಿ, ಆಮೇಲೆ ಕೆಲಸ.

ಈ ಎರಡು ಕಾರ್ಯಗಳು ಒಂದಕ್ಕೊಂದು ತೀರ ಅಪರಿಚಿತವೂ ಅಲ್ಲ. ಇಂಟರ್‌ಫೆರಾನ್ ತಲುಪಿದ ಕೋಶಗಳಲ್ಲಿ ವೈರಸ್ಸಿನ ಬೆಳವಣಿಗೆಯೊಂದಿಗೆ ಕೋಶದ ವಿಭಜನೆಯೂ ಅನೇಕ ವೇಳೆ ಮಂದವಾಗುತ್ತದೆ. ಮನೆಗೆ ಕಳ್ಳರು ನುಗ್ಗಿದಾಗ ಹೊಸ ಕೋಣೆಯನ್ನು ಕಟ್ಟಿಸುವವರು ಯಾರು?

5. ಕೊಂಡಿಯನ್ನು ಕತ್ತರಿಸಿದರೆ

ಹೆಪಟೈಟಿಸ್ ಸಿ ವೈರಸ್ಸು ಯಕೃತ್ತಿನಲ್ಲಿ ವರ್ಷಗಟ್ಟಲೆ ಅಡಗಿ ಕುಳಿತುಕೊಳ್ಳಬಲ್ಲದು. ಅದರ ಬಳಿ ಕತ್ತರಿಯಂಥ ಒಂದು ಕಿಣ್ವವಿದೆ. ಮಾವ್ಸ್‌ನಲ್ಲಿರುವ 540 ಅಮೈನೋ ಆಮ್ಲಗಳಲ್ಲಿ ಸರಿಯಾಗಿ 508ನೆಯದರ ಬಳಿ ಅದು ಕತ್ತರಿಸುತ್ತದೆ. ಅಂದರೆ ಬಾಲಕ್ಕಿಂತ ತುಸು ಮೇಲೆ. ಮಾವ್ಸ್ ಮೈಟೋಕಾಂಡ್ರಿಯಾದಿಂದ ಕಳಚಿ ಬೀಳುತ್ತದೆ. ಕಾವಲುಗಾರನು ಕಳ್ಳನನ್ನು ಕಂಡಿದ್ದಾನೆ, ಕೂಗುತ್ತಲೂ ಇದ್ದಾನೆ. ಆದರೆ ಆ ಕೂಗನ್ನು ಮುಂದೆ ಮುಟ್ಟಿಸುವವರಿಲ್ಲ. ಕಾವಲುಗಾರನನ್ನೂ ಕೊಲ್ಲದೆ, ಆಯುಧಶಾಲೆಯನ್ನೂ ಸುಡದೆ, ವೈರಸ್ಸು ನಡುವಣವನನ್ನೇ ಆರಿಸಿಕೊಂಡುದನ್ನು ನೋಡಿದರೆ ಕೊಂಡಿಯ ಬೆಲೆ ಎಷ್ಟೆಂಬುದು ತಿಳಿದೀತು. ಅದೇ ಕತ್ತರಿಯು ವೈರಸ್ಸಿಗೆ ತನ್ನ ಸ್ವಂತ ಪ್ರೋಟೀನುಗಳನ್ನು ಬಿಡಿಸಿಕೊಳ್ಳಲೂ ಬೇಕು. ಆದುದರಿಂದ ಕತ್ತರಿಯನ್ನೇ ತಡೆಯುವ ಔಷಧಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿದರು; ಅವುಗಳಲ್ಲಿ ಮೊದಲಿನವು 2011ರಲ್ಲಿ ಬಳಕೆಗೆ ಬಂದವು.

ಹಾಗೆಂದು ಎಚ್ಚರಿಕೆಯ ಕೂಗು ಸದಾ ನಡೆದಿರುವುದೂ ಹಿತವಲ್ಲ. ‘ಸ್ಟಿಂಗ್’ ಎಂಬ ಇನ್ನೊಂದು ಕೊಂಡಿಯು ಜನ್ಮತಃ ಕೆಟ್ಟು, ವೈರಸ್ಸಿಲ್ಲದೆಯೇ ಸಂದೇಶವನ್ನು ಕಳಿಸುತ್ತಿರುವ ಶಿಶುಗಳ ಚರ್ಮ, ಶ್ವಾಸಕೋಶಗಳು ಉರಿಯೂತದಿಂದ ಹಾಳಾಗುತ್ತವೆ. ಈ ವ್ಯಾಧಿಯನ್ನು 2014ರಲ್ಲಿ ವರ್ಣಿಸಲಾಯಿತು. ಕೊಂಡಿಯು ತಕ್ಕ ಕಾಲಕ್ಕೆ ಕೂಡಬೇಕು, ತಕ್ಕ ಕಾಲಕ್ಕೆ ಕಳಚಬೇಕು.

6. ಉಪಸಂಹಾರ

ದವಾಖಾನೆಗೆ ಹೋದ ಹುಡುಗನು ಎರಡು ದಿನ ಏಕೆ ಬರಲಿಲ್ಲವೆಂಬುದನ್ನು ನಾವು ಇನ್ನೂ ಹೇಳಿಲ್ಲ. ಮೊದಲ ದಿನ ತಾಯಿಯು, ದುಡ್ಡು ಸಾಲದೆ ಹಿಂದಿನ ಗುಳಿಗೆಗಳನ್ನು ನಡುವೆಯೇ ಬಿಟ್ಟೆನೆಂದು ಹೇಳಿದ್ದಳು. ಹುಡುಗನು ನಾಚಿಕೊಂಡು ಆ ಮಾತನ್ನು ವೈದ್ಯರಿಗೆ ಹೇಳಲಿಲ್ಲ. ಔಷಧವೇ ನಾಟಲಿಲ್ಲವೆಂದು ತಿಳಿದ ವೈದ್ಯರು ಹೆಚ್ಚು ತೀಕ್ಷ್ಣವಾದ ಇನ್ನೊಂದನ್ನು ಬರೆದುಕೊಟ್ಟರು. ರಾತ್ರಿಯೆಲ್ಲ ನಿದ್ರೆ ಬಾರದೆ ಹುಡುಗನು ಮರುದಿನ ತಾನಾಗಿಯೇ ಚೀಟಿಯನ್ನು ಹಿಡಿದುಕೊಂಡು ಹೋಗಿ ನಿಜವನ್ನು ಹೇಳಿದನು. ವೈದ್ಯರು ಹೊಸ ಔಷಧವನ್ನು ಹೊಡೆದುಹಾಕಿ ಹಳೆಯದನ್ನೇ ಬರೆದು, ಅದು ಅಲ್ಲಿಯೇ ಪುಕ್ಕಟೆ ಸಿಗುವ ಕಿಟಕಿಯನ್ನು ತೋರಿಸಿದರು.

ಮಕ್ಕಳೆ, ನೀವು ಎರಡು ಮೂರು ಭಾಷೆಗಳ ನಡುವೆ ನಿಂತವರು. ಅದು ಕೊರತೆಯೆಂದು ಬಗೆಯಬೇಡಿರಿ. ಗ್ರಬ್-2ಕ್ಕೆ ಮುದ್ರೆಯ ಸತ್ಯಾಸತ್ಯ ತಿಳಿಯದು, ನಿಮಗೆ ತಿಳಿಯುತ್ತದೆ. ಆದುದರಿಂದ ಕೇಳಿದ್ದನ್ನು ಬಿಡದೆ, ಕೂಡಿಸದೆ ಮುಟ್ಟಿಸಿರಿ. ಹಾಗೆಯೇ ಮುಂದೆ ದೊಡ್ಡ ಕಾಲೇಜುಗಳಲ್ಲಿ ಕಲಿತದ್ದನ್ನು ನಿಮ್ಮ ತಾಯಿಗೆ ತಿಳಿಯುವ ಮಾತಿನಲ್ಲಿ ಮನೆಗೂ ತನ್ನಿರಿ. ಹಿಂದಿನ ಬೆಂಚಿನ ಆ ಗೆಳೆಯನು ಇದನ್ನು ಇಲ್ಲಿಯ ತನಕ ಓದಿದ್ದರೆ, ಈ ಪಾಠವನ್ನು ಕನ್ನಡ ಶಾಲೆಯಲ್ಲಿಯೂ ಹೇಳುತ್ತಾರೆಂದು ಅವನಿಗೆ ತಿಳಿದಿರಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಕಿಣ್ವಕ್ಕೂ ಅಡಾಪ್ಟರ್ ಪ್ರೋಟೀನಿಗೂ ಇರುವ ಭೇದವನ್ನು ಒಂದು ಉದಾಹರಣೆಯೊಂದಿಗೆ ತಿಳಿಸಿರಿ.
2. ಗಾಯದಿಂದ ಕೋಶಕೇಂದ್ರದವರೆಗೆ ಸುದ್ದಿಯು ಸಾಗುವ ದಾರಿಯ ಚಿತ್ರವನ್ನು ಬರೆಯಿರಿ.
3. ಹೆಪಟೈಟಿಸ್ ಸಿ ವೈರಸ್ಸು ಮಾವ್ಸ್‌ನ ಬಾಲದ ಬಳಿಯೇ ಏಕೆ ಕತ್ತರಿಸುತ್ತದೆ? ವಿಚಾರ ಮಾಡಿರಿ.
4. ಈ ಪಾಠವನ್ನು ಮನೆಯಲ್ಲಿ ಹಿರಿಯರೊಬ್ಬರಿಗೆ ನಿಮ್ಮ ಮಾತಿನಲ್ಲಿ ಹೇಳಿರಿ. ಅವರು ಕೇಳಿದ ಪ್ರಶ್ನೆಯನ್ನು ಬರೆದುಕೊಂಡು ವರ್ಗಕ್ಕೆ ತನ್ನಿರಿ.