ರಾಷ್ಟ್ರಪತಿಯ ಆಡಳಿತ ಮತ್ತು ಬೊಕ್ಕಸದ ಕೀಲಿಕೈ

ಮಳೆಗಾಲದ ಒಂದು ರಾತ್ರಿ ನಮ್ಮ ಉಣಕಲ್ಲ ಕೆರೆಯ ಏರಿ ಬಿರುಕುಬಿಟ್ಟಿತೆಂದು ಕಲ್ಪಿಸಿಕೊಳ್ಳೋಣ. ಆ ವೇಳೆಗೆ ರಾಜ್ಯದಲ್ಲಿ ರಾಷ್ಟ್ರಪತಿಯ ಆಡಳಿತವಿದೆ. ಮಂತ್ರಿಮಂಡಲವಿಲ್ಲ, ವಿಧಾನಸಭೆ ಅಮಾನತ್ತಿನಲ್ಲಿದೆ, ದಿಲ್ಲಿಯಲ್ಲಿ ಲೋಕಸಭೆಯ ಅಧಿವೇಶನವೂ ಮುಗಿದಿದೆ. ದುರಸ್ತಿಗೆ ರಾಜ್ಯದ ಬೊಕ್ಕಸದಿಂದ ಹಣ ಕೊಡುವ ಅಧಿಕಾರ ಯಾರಿಗಿದೆ? ರಾಷ್ಟ್ರಪತಿಯ ಆಡಳಿತವೆಂದ ಮೇಲೆ ರಾಷ್ಟ್ರಪತಿಯ ಮಾತೇ ಕಾನೂನಲ್ಲವೆ ಎಂದು ನಮ್ಮಲ್ಲಿ ಅನೇಕರು ಥಟ್ಟನೆ ಉತ್ತರ ಕೊಡುವುದುಂಟು. ರಾಜ್ಯಾಂಗ ಹಾಗೆ ಹೇಳುವುದಿಲ್ಲ.

ಮೊದಲು ಸಾಮಾನ್ಯ ಕಾಲದ ನಿಯಮವನ್ನು ನೋಡೋಣ. ರಾಜ್ಯದ ತೆರಿಗೆ ಮತ್ತು ಸಾಲದ ಹಣವೆಲ್ಲ ಸಂಚಿತ ನಿಧಿಯಲ್ಲಿ ಸೇರುತ್ತದೆ. 266ನೆಯ ಅನುಚ್ಛೇದದ ಮೂರನೆಯ ಉಪವಿಧಿಯಂತೆ, ಕಾನೂನಿನ ಅನುಮತಿಯಿಲ್ಲದೆ ಆ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯಲಾಗದು. ಸರಕಾರದ ಬೇಡಿಕೆಗಳಿಗೆ ವಿಧಾನಸಭೆ ಒಪ್ಪಿಗೆ ಕೊಟ್ಟು, ಧನವಿನಿಯೋಗ ವಿಧೇಯಕ ಕಾನೂನಾದ ಮೇಲೆಯೇ ಖಜಾನೆಯ ಬಾಗಿಲು ತೆರೆಯುತ್ತದೆ. ನಮ್ಮ ಕಾಲೇಜಿನ ಅಧ್ಯಾಪಕರ ವೇತನ, ಬಡ ವಿದ್ಯಾರ್ಥಿಯ ಶಿಷ್ಯವೇತನ ಎಲ್ಲವೂ ಈ ದಾರಿಯಿಂದಲೇ ಬರತಕ್ಕವು.

ಈಗ 356ನೆಯ ಅನುಚ್ಛೇದಕ್ಕೆ ಬರೋಣ. ರಾಜ್ಯದ ಆಡಳಿತ ರಾಜ್ಯಾಂಗಕ್ಕನುಸಾರವಾಗಿ ಸಾಗದೆಂದು ಮನವರಿಕೆಯಾದಾಗ ರಾಷ್ಟ್ರಪತಿಯವರು ಉದ್ಘೋಷಣೆ ಹೊರಡಿಸಿ ರಾಜ್ಯ ಸರಕಾರದ ಕಾರ್ಯಾಧಿಕಾರವನ್ನು ತಾವು ವಹಿಸಿಕೊಳ್ಳಬಹುದು. ಆದರೆ ಶಾಸಕಾಂಗದ ಅಧಿಕಾರ ಅವರ ಕೈಗೆ ತಾನಾಗಿ ಬರುವುದಿಲ್ಲ. ಅದನ್ನು ಸಂಸತ್ತು, ಅಥವಾ ಸಂಸತ್ತಿನ ಅಧಿಕಾರದ ಮೇರೆಗೆ ಇತರರು, ಚಲಾಯಿಸತಕ್ಕದ್ದು. 1971ರಲ್ಲಿ ಮೈಸೂರು ರಾಜ್ಯಕ್ಕೆ ಸಂಬಂಧಿಸಿದಂತೆ ಸಂಸತ್ತು ಅಂಥ ಅಧಿಕಾರವನ್ನು ಒಂದು ಕಾಯಿದೆಯ ಮೂಲಕ ರಾಷ್ಟ್ರಪತಿಯವರಿಗೆ ಒಪ್ಪಿಸಿತ್ತು. ಎಂದರೆ ಮನೆಯ ಆಡಳಿತ ಒಬ್ಬರ ಕೈಗೆ ಹೋದರೂ, ಪೆಟ್ಟಿಗೆಯ ಕೀಲಿಕೈ ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗುತ್ತದೆಯೇ ಹೊರತು ಅರಮನೆಗೆ ಹೋಗುವುದಿಲ್ಲ. ಈ ಭೇದವನ್ನು ಹಿಡಿದರೆ ಉಳಿದುದು ಸುಲಭ.

ಹಾಗಾದರೆ ಕೆರೆಯ ಏರಿಗೆ ಗತಿಯೇನು? ವಿಧಾನಸಭೆ ಆ ವರ್ಷದ ಧನವಿನಿಯೋಗ ಕಾಯಿದೆಯನ್ನು ಮೊದಲೇ ಅಂಗೀಕರಿಸಿದ್ದರೆ ಅದು ಸಭೆಯೊಡನೆ ಸಾಯುವುದಿಲ್ಲ. ಅದರಲ್ಲಿ ಇಂಥ ಕೆಲಸಕ್ಕೆ ಇಟ್ಟ ಹಣವನ್ನು ಬಳಸಬಹುದು. ಅದು ಸಾಲದಾದರೆ 267ನೆಯ ಅನುಚ್ಛೇದದ ಸಾದಿಲ್ವಾರು ನಿಧಿಯಿದೆ. ಮುಂಗಾಣದ ಖರ್ಚಿಗಾಗಿ ಇಟ್ಟ ಮುಂಗಡ ಹಣ ಅದು. ಅದರ ಮೊತ್ತವನ್ನು ಕಾನೂನು ಗೊತ್ತುಮಾಡುತ್ತದೆ, ತೆಗೆದುದಕ್ಕೆ ಅನಂತರ ಶಾಸಕಾಂಗದ ಮಂಜೂರಾತಿ ಪಡೆಯಬೇಕು. ಅದೂ ಬರಿದಾದಲ್ಲಿ 357ನೆಯ ಅನುಚ್ಛೇದದ ಒಂದು ಸಣ್ಣ ಉಪವಿಧಿ ನೆರವಿಗೆ ಬರುತ್ತದೆ: ಲೋಕಸಭೆಯ ಅಧಿವೇಶನ ನಡೆಯದಿರುವಾಗ, ಸಂಸತ್ತಿನ ಮಂಜೂರಾತಿಯನ್ನು ನಿರೀಕ್ಷಿಸಿ, ರಾಜ್ಯದ ಸಂಚಿತ ನಿಧಿಯಿಂದ ವೆಚ್ಚಮಾಡಲು ರಾಷ್ಟ್ರಪತಿಯವರು ಅನುಮತಿ ಕೊಡಬಹುದು. ರಾಷ್ಟ್ರಪತಿಯವರ ಖರ್ಚಿನ ಅಧಿಕಾರಕ್ಕೆ ಎರಡು ಕಟ್ಟುಗಳು ಆ ಒಂದೇ ವಾಕ್ಯದಲ್ಲಿವೆ. ಲೋಕಸಭೆ ಕೂಡಿರುವಾಗ ಆ ಅಧಿಕಾರವಿಲ್ಲ. ಕೊಟ್ಟ ಅನುಮತಿಯೂ ತಾತ್ಕಾಲಿಕ.

2008ರ ಮಾರ್ಚಿ ತಿಂಗಳಲ್ಲಿ ನಮ್ಮ ರಾಜ್ಯವೇ ಈ ಪರಿಸ್ಥಿತಿಯಲ್ಲಿತ್ತು. ವಿಧಾನಸಭೆ ವಿಸರ್ಜನೆಯಾಗಿತ್ತು, ಚುನಾವಣೆ ಮೇ ತಿಂಗಳಿಗೆ ನಿಗದಿಯಾಯಿತು. ನಡುವೆ ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ. ಕರ್ನಾಟಕದ ಲೇಖಾನುದಾನವನ್ನು ಆಗ ಸಂಸತ್ತೇ ಕೊಡಬೇಕಾಯಿತು. 543 ಸದಸ್ಯರ ಲೋಕಸಭೆಯಲ್ಲಿ ನಮ್ಮವರು 28 ಮಂದಿ. ಕೀಲಿಕೈ ಸಭೆಯ ಕೈಯಲ್ಲೇ ಉಳಿಯಿತೆಂಬುದು ನಿಜ; ಆದರೆ ನಮ್ಮ ಊರಿನ ರಸ್ತೆಯ ಹೆಸರು ಬಲ್ಲವರು ಆ ಸಭೆಯಲ್ಲಿ ಎಷ್ಟು ಜನ?

360ನೆಯ ಅನುಚ್ಛೇದದ ಆರ್ಥಿಕ ತುರ್ತುಪರಿಸ್ಥಿತಿಯ ಬಗೆಗೂ ಒಂದು ಮಾತು. ಹೆಸರು ಕೇಳಿ ಅದು ಖರ್ಚಿನ ಪರವಾನಿಗೆಯೆಂದು ಭಾವಿಸುವವರಿದ್ದಾರೆ. ನಿಜವಾಗಿ ಅದು ಖರ್ಚಿನ ಕಡಿವಾಣ: ರಾಜ್ಯಗಳಿಗೆ ಮಿತವ್ಯಯದ ನಿರ್ದೇಶನ ಕೊಡುವುದು, ನ್ಯಾಯಾಧೀಶರನ್ನೂ ಒಳಗೊಂಡು ವೇತನ ಇಳಿಸುವುದು ಮುಂತಾದುವು. ಎರಡು ತಿಂಗಳೊಳಗೆ ಉಭಯ ಸದನಗಳು ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಇಂದಿನವರೆಗೆ ಅದನ್ನು ಒಮ್ಮೆಯೂ ಘೋಷಿಸಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಗಡಿಯ ಬೇಲಿಗೆಂದು ಕಾಂಗ್ರೆಸ್ ಸಭೆ 137.5 ಕೋಟಿ ಡಾಲರು ಮಾತ್ರ ಕೊಟ್ಟಾಗ, ಅಧ್ಯಕ್ಷ ಟ್ರಂಪ್ 2019ರ ಫೆಬ್ರವರಿ 15ರಂದು ತುರ್ತುಪರಿಸ್ಥಿತಿ ಘೋಷಿಸಿ ಸೇನೆಯ ಕಟ್ಟಡಗಳ ಹಣದಿಂದ 360 ಕೋಟಿ ಡಾಲರು ತಿರುಗಿಸಹೊರಟರು. ಘೋಷಣೆಯನ್ನು ಕೊನೆಗೊಳಿಸಲು ಎರಡೂ ಸದನಗಳು ಠರಾವು ಮಾಡಿದವು. ಅಧ್ಯಕ್ಷರು ಅದನ್ನು ತಳ್ಳಿಹಾಕಿದರು. ನಮ್ಮಲ್ಲಿ ಸದನಗಳು ಸುಮ್ಮನಿದ್ದರೇ ಉದ್ಘೋಷಣೆ ಸಾಯುತ್ತದೆ. ಅಲ್ಲಿ ಸದನಗಳು ಎದ್ದುನಿಂತರೂ ಅದು ಬದುಕಿತು. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಉದ್ಘೋಷಣೆಯೇ ಅನ್ಯಾಯದ್ದಾಗಿದ್ದರೆ? ಅದಕ್ಕೆ ಉತ್ತರ ದೊರೆತದ್ದು ನಮ್ಮ ಹುಬ್ಬಳ್ಳಿಯವರ ಮೊಕದ್ದಮೆಯಿಂದ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿಬಂದು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದ ಶ್ರೀ ಎಸ್. ಆರ್. ಬೊಮ್ಮಾಯಿಯವರು ಸಭೆಯಲ್ಲಿ ಬಹುಮತ ತೋರಿಸಲು ಸಿದ್ಧರಿದ್ದರು. ಅದಕ್ಕೆ ಅವಕಾಶವಿಲ್ಲದೆ, ರಾಜ್ಯಪಾಲ ವೆಂಕಟಸುಬ್ಬಯ್ಯನವರ ವರದಿಯ ಮೇಲೆ, 1989ರ ಏಪ್ರಿಲ್ 21ರಂದು ಅವರ ಸರಕಾರ ವಜಾ ಆಯಿತು. ರಾಜ್ಯದ ಉಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿತು. 1994ರ ಮಾರ್ಚಿ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಆ ಉದ್ಘೋಷಣೆ ರಾಜ್ಯಾಂಗಬಾಹಿರವೆಂದು ತೀರ್ಪಿತ್ತಿತು: ಬಹುಮತದ ಪರೀಕ್ಷೆ ಸಭಾಂಗಣದಲ್ಲೇ ನಡೆಯಬೇಕು; ಉದ್ಘೋಷಣೆಯ ಆಧಾರಗಳನ್ನು ನ್ಯಾಯಾಲಯ ಪರಿಶೀಲಿಸಬಹುದು; ಉಭಯ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸಬಾರದು. ನಡುವಿನ ಕಾಲದಲ್ಲಿ ಆದ ಕಾರ್ಯಗಳನ್ನು ಊರ್ಜಿತವೆಂದು ಸಾರುವ ಅಧಿಕಾರವನ್ನೂ ನ್ಯಾಯಾಲಯ ಇಟ್ಟುಕೊಂಡಿತು. ಇಲ್ಲದಿದ್ದರೆ ಕೊಟ್ಟ ಸಂಬಳವನ್ನು ಮರಳಿ ಕೇಳುವ ಪ್ರಸಂಗ ಬರುತ್ತಿತ್ತು! ಬೊಮ್ಮಾಯಿಯವರಿಗೆ ಮಾತ್ರ ಅದರಿಂದ ಅಧಿಕಾರ ಮರಳಲಿಲ್ಲ; 1989ರ ನವೆಂಬರಿನಲ್ಲೇ ಚುನಾವಣೆ ನಡೆದು ಬೇರೆ ಸರಕಾರ ಬಂದಿತ್ತು.

ಆ ತೀರ್ಪಿನ ಫಲವನ್ನು ಉಂಡದ್ದು ಉತ್ತರಾಖಂಡ. ಅಲ್ಲಿ ಜಗಳ ಹುಟ್ಟಿದ್ದೇ ಧನವಿನಿಯೋಗ ವಿಧೇಯಕದಿಂದ. 2016ರ ಮಾರ್ಚಿ 18ರಂದು ಸಭಾಧ್ಯಕ್ಷರು ಅದು ಧ್ವನಿಮತದಿಂದ ಅಂಗೀಕಾರವಾಯಿತೆಂದರು. ಮತ ಎಣಿಸಿರೆಂದು ವಿರೋಧಿಗಳು ಪಟ್ಟುಹಿಡಿದರು. 27ರಂದು ರಾಷ್ಟ್ರಪತಿಯ ಆಡಳಿತ ಬಂತು. ಏಪ್ರಿಲ್ 1ರ ಖರ್ಚಿಗೆ ದಾರಿಯಿಲ್ಲದೆ, ಸಂಸತ್ತಿನ ಅಧಿವೇಶನವನ್ನು ಮುಕ್ತಾಯಗೊಳಿಸಿ, ಸುಗ್ರೀವಾಜ್ಞೆಯ ಮೂಲಕ ಲೇಖಾನುದಾನ ಮಾಡಲಾಯಿತು. ಸಭೆಯ ಒಪ್ಪಿಗೆ ಬೇಕಾದ ಹಣಕ್ಕಾಗಿ ಸಭೆಯನ್ನೇ ಮುಚ್ಚುವುದು ನಿಯಮದ ಅಕ್ಷರಕ್ಕೆ ಹೊಂದಿದರೂ ಅದರ ಆಶಯಕ್ಕೆ ಹೊಂದದೆಂದು ತೋರುತ್ತದೆ. ಏಪ್ರಿಲ್ 21ರಂದು ನೈನಿತಾಲಿನ ಉಚ್ಚ ನ್ಯಾಯಾಲಯ ಬೊಮ್ಮಾಯಿ ತೀರ್ಪನ್ನು ಆಧರಿಸಿ ಉದ್ಘೋಷಣೆಯನ್ನು ರದ್ದುಮಾಡಿತು. ಮರುದಿನ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆಯಿತ್ತರೂ, ಮೇ 10ರಂದು ತನ್ನ ಕಣ್ಗಾವಲಿನಲ್ಲಿ ಸಭಾಂಗಣದಲ್ಲೇ ಮತ ಎಣಿಸಿತು. ಹರೀಶ್ ರಾವತ್ ಗೆದ್ದರು. ಮರುದಿನವೇ ರಾಷ್ಟ್ರಪತಿಯ ಆಡಳಿತ ಕೊನೆಗೊಂಡಿತು.