‘ಮಬ್ಬು’ ಎಂಬ ಪದದ ಬೇರು ಹುಡುಕುವುದು ಹೇಗೆ?

ನಂಜನಗೂಡು, ತಿ. ನರಸೀಪುರದ ಕಡೆ ಬೆಳಕಿಗೂ ಮನಸ್ಸಿಗೂ ಸಲ್ಲುವ ಪದ ‘ಮಬ್ಬು’. ಅದರ ಅರ್ಥ, ಮೂಲ ತಿಳಿಯಲು ಭಾಷಾಶಾಸ್ತ್ರ ಓದಿರಬೇಕಿಲ್ಲ. ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು.

ಹಂತ 1: ಕಿವಿಗೆ ಬಿದ್ದ ವಾಕ್ಯ ಬರೆದುಕೊಳ್ಳಿ. ‘ಮೋಡ ಹಾಕಿ ಮಬ್ಬಾಗದೆ’, ‘ಮಬ್ಬಲ್ಲೇ ಎದ್ದು ಗದ್ದೆಗೆ ಹೋದ’, ‘ಕಣ್ಣು ಮಬ್ಬಾಗದೆ’, ‘ಮನಸ್ಸಿಗೆ ಮಬ್ಬು ಕವಿದಂಗದೆ’. ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಹಂತ 2: ಜೊತೆಯ ಪದ ನೋಡಿ ವಿಂಗಡಿಸಿ. ಮೊದಲನೆಯದು ಆಕಾಶದ ಮಾತು. ಎರಡನೆಯದು ಬೆಳಗಾಗುವ ಮುಂಚಿನ ಹೊತ್ತು. ಮೂರನೆಯದು ನೋಟ, ನಾಲ್ಕನೆಯದು ಮನಸ್ಸು. ನಾಲ್ಕರಲ್ಲೂ ಇರುವುದು ಒಂದೇ: ಬೆಳಕು ಪೂರ್ತಿ ಹೋಗಿಲ್ಲ, ಆದರೆ ತಿಳಿಯಾಗಿಯೂ ಇಲ್ಲ.

ಹಂತ 3: ನಿಘಂಟು ತೆರೆಯಿರಿ. 1894ರ ಕಿಟ್ಟೆಲ್ ನಿಘಂಟು ಅರ್ಥ ಕೊಡುವುದರ ಜೊತೆಗೆ ಸೋದರ ಭಾಷೆಗಳ ರೂಪಗಳನ್ನೂ ಸೂಚಿಸುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಳೆಯ ಕೃತಿಗಳಿಂದ ಪ್ರಯೋಗಗಳನ್ನು ಎತ್ತಿ ಕೊಡುತ್ತದೆ. ಎರಡನ್ನೂ ನೋಡಿ.

ಹಂತ 4: ನೆರೆಭಾಷೆಗಳನ್ನು ಕೇಳಿ. ತೆಲುಗಿನಲ್ಲಿ ‘ಮಬ್ಬು’ ಎಂದರೆ ಮೋಡ. ತಮಿಳಿನ ‘ಮಪ್ಪು’ ಮೋಡ ಮುಚ್ಚಿದ ಸ್ಥಿತಿಯನ್ನೂ ಅಮಲನ್ನೂ ಹೇಳುತ್ತದೆ. ಹಾಗಾಗಿ ಇದು ದ್ರಾವಿಡ ಮೂಲದ ಪದ; ಆಕಾಶಕ್ಕೆ ಹೇಳಿದ್ದು ಮನಸ್ಸಿಗೂ ಹಬ್ಬಿತು ಎಂದು ಊಹಿಸಲು ದಾರಿಯಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ (1961, ಪರಿಷ್ಕೃತ ಆವೃತ್ತಿ 1984) ಇಂಥ ಸೋದರ ಪದಗಳು ಒಂದೆಡೆ ಸಿಗುತ್ತವೆ. ಉಚ್ಚಾರ ಹೋಲಿದ ಮಾತ್ರಕ್ಕೆ ನಂಟು ಕಟ್ಟಬೇಡಿ. ಉಚ್ಚಾರ, ಅರ್ಥ ಎರಡೂ ಹೊಂದಬೇಕು.

ಹಂತ 5: ಹಳೆಯ ಬರಹ ಎಲ್ಲಿದೆ ಎಂದು ತಿಳಿಯಿರಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮೂರನೆಯ ಸಂಪುಟದಲ್ಲಿವೆ. ಅದೂ 1894ರದ್ದೇ. ಆದರೆ ಶಾಸನಗಳ ಹೆಚ್ಚಿನ ಮಾತು ದಾನ, ದತ್ತಿ, ವೀರಮರಣದ ಕುರಿತು. ಮನಸ್ಸಿನ ಪದಗಳಿಗೆ ಕಾವ್ಯ, ಜನಪದ ಗೀತೆಗಳೇ ಒಳ್ಳೆಯ ಆಕರ.

ಹಂತ 6: ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ನೋಡಿ. ‘ಮಬ್ಬು ಬೆಳಕು’ ಸರಿ, ‘ಖಿನ್ನ ಬೆಳಕು’ ಒಗ್ಗದು. ಸಂಸ್ಕೃತದ ‘ಖಿನ್ನ’ ದುಃಖಕ್ಕೆ ಮೀಸಲು. ‘ಮಂಕು’ ಬೆಳಕಿಗೂ ಬುದ್ಧಿಗೂ ಒಗ್ಗುತ್ತದೆ, ಆದರೆ ನಸುಕಿನ ಹೊತ್ತಿಗೆ ‘ಮಂಕಲ್ಲೇ ಎದ್ದ’ ಎನ್ನುವುದಿಲ್ಲ. ಪದದ ನಿಜವಾದ ಎಲ್ಲೆ ಗೊತ್ತಾಗುವುದು ಹೀಗೆ.

ಇಷ್ಟೆಲ್ಲ ಏಕೆಂದರೆ, ‘ಖಿನ್ನತೆ’ ಎಂಬ ಆಸ್ಪತ್ರೆಯ ಮಾತು ಬಾಯಿಗೆ ಬಾರದ ಹಿರಿಯರು ‘ಮಬ್ಬು ಕವಿದದೆ’ ಎಂದಷ್ಟೇ ಹೇಳಿಯಾರು. ಅರ್ಥ ಬಲ್ಲವರಿಗೆ ಅದು ಮೋಡದ ಮಾತಲ್ಲ ಎಂದು ತಿಳಿಯುತ್ತದೆ. ನಿಮ್ಮ ಮನೆಯ ಹಿರಿಯರ ಇಂಥ ವಾಕ್ಯಗಳನ್ನು ಊರು, ತಾರೀಖಿನೊಂದಿಗೆ ಇಂದೇ ಬರೆದಿಡಲು ಶುರುಮಾಡಿ.